ಖಾಲಿ ದೋಣಿ

ಮೊದಲು ಖಾಲಿ ದೋಣಿ.
ನಿಕ್ಕಲಿನದು, ಕಿರುಬೆರಳುದ್ದ.
ಏನೂ ಇಡದೆ ಒಲೆಗೆ ನೂಕುತ್ತಾಳೆ ನೆಲ್ಮಿ.
ಏನೂ ಇಲ್ಲ ಎಂಬುದನ್ನೂ ಇಲ್ಲಿ
ಅಳೆದೇ ನಂಬಬೇಕು.

ಪರದೆಯ ಮೇಲೆ ಸೊನ್ನೆ ಬರಲಿಲ್ಲ.

ಪುಯೆರ್ತೊ ಮಾಲ್ದೊನಾದೊದಲ್ಲಿ ಬೆಳಗಿಗೇ ಬೆವರು.
ದೋಣಿಯನ್ನು ಆಮ್ಲದಲ್ಲಿ ಅದ್ದಿ, ಕೆಂಪಗೆ ಕಾಯಿಸಿ,
ಕೈಗವಸು ಬದಲಿಸಿ, ಮತ್ತೆ.
ಅಣ್ಣ ಕೊಡಿಸಿದ ಓಲೆಗಳನ್ನು
ಬಾಗಿಲಾಚೆ ಡಬ್ಬಿಯಲ್ಲಿ ಬಿಚ್ಚಿಟ್ಟೇ ಬಂದಿದ್ದಾಳೆ, ನಿಯಮ.
ಆದರೂ ಸೊನ್ನೆಯಿಲ್ಲ.

ಮೇಜಿನ ಮೇಲೆ ಕಾಗದದ ಲಕೋಟೆಗಳು:
ಹಳೆಯ ಗಣಿಗುಂಡಿಯ ದಡದ ಬಾಳೆ,
ದಿಬ್ಬದಾಚೆಯ ಕಾಡಿನ ಯಾವುದೋ ಜರಿಗಿಡ,
ಎರ್ಲಿತಾ ಚಿಕ್ಕಮ್ಮನ ಹಿತ್ತಲಿನ ಮರಗೆಣಸಿನ ಎಲೆ,
ಅದರ ಮೇಲೆ ಪೆನ್ಸಿಲ್ಲಿನಲ್ಲಿ ಅವಳದೇ ಅಕ್ಷರ:
ತಿನ್ನಬಹುದಾ ಹೇಳೇ.

ಒಣಗಿಸಿ ಅರೆದ ಪುಡಿ ನೂರು ಮಿಲಿಗ್ರಾಂ,
ಒಂದು ಗುಲಗಂಜಿಗಿಂತ ಹಗುರ.
ಅದರೊಳಗೆ ಹುಡುಕುವುದು ನೂರು ಕೋಟಿಯಲ್ಲಿ ಒಂದು ಪಾಲು.
ಎಳ್ಳಷ್ಟು ಅನ್ನುತ್ತೇವಲ್ಲ,
ಇಲ್ಲಿ ಎಳ್ಳೆಂದರೆ ಬೆಟ್ಟ.

ಎಲೆ ಉರಿದು ಹೊಗೆಯಾಗಿ
ಹೊಗೆಯೊಳಗಿನ ಪಾದರಸ ನಳಿಗೆಯಲ್ಲಿ ತೇಲಿ
ಚಿನ್ನ ಸವರಿದ ಮರಳಿಗೆ ಅಂಟಿಕೊಳ್ಳುತ್ತದೆ.
ಹೌದು, ಚಿನ್ನವೇ.
ನದಿಯಲ್ಲಿ ಅಬ್ನೆರ್, ಮೊಣಕಾಲುದ್ದ ಕೆಸರಲ್ಲಿ,
ಪಾದರಸ ಸುರಿದು ಚಿನ್ನ ಹಿಡಿಯುತ್ತಾನೆ.
ಇಲ್ಲಿ ತಂಗಿ
ಚಿನ್ನವೊಡ್ಡಿ ಪಾದರಸ ಹಿಡಿಯುತ್ತಾಳೆ.
ಊಟಕ್ಕೆ ಕೂತಾಗ ಇಬ್ಬರೂ ಈ ಮಾತೆತ್ತುವುದಿಲ್ಲ.
ಉಪ್ಪು ಕೊಡು, ಅನ್ನುತ್ತಾರೆ.

ಹತ್ತೂಕಾಲಕ್ಕೆ ಖಾಲಿ ದೋಣಿ ಇನ್ನೂ ಮೇಲೇರಿತು.
ನೆಲ್ಮಿ ಕಿಟಕಿಗೆ ಹೋದಳು.
ಎದುರು ಬೀದಿಯಲ್ಲಿ, ‘ಚಿನ್ನ ಕೊಳ್ಳುತ್ತೇವೆ’ ಫಲಕದ ಕೆಳಗೆ,
ದೊನ್ ಎಲೆಯುತೇರಿಯೊ ದಿನದ ಮೊದಲ ಉಂಡೆಗೆ
ಗ್ಯಾಸಿನ ಉರಿ ಹಿಡಿದಿದ್ದಾನೆ.
ಬೂದು ಉಂಡೆ ಹಳದಿಗೆ ತಿರುಗುತ್ತಿದೆ.
ಅವನ ಮೊಮ್ಮಗಳು ಪಕ್ಕದಲ್ಲೇ ಕೂತು
ಕಿತ್ತಳೆ ಸುಲಿಯುತ್ತಿದೆ.

ಹಿತ್ತಲಿನ ಎಲೆ ಕುಡಿದದ್ದೂ ಇದನ್ನೇ,
ಬೇರಿನಿಂದಲ್ಲ, ಉಸಿರಿನಿಂದ.
ಹಾಗಾದರೆ ಹತ್ತು ವರ್ಷದಿಂದ ಈ ಕಿಟಕಿಯಲ್ಲಿ
ಉಸಿರಾಡಿದ ಇನ್ನೊಂದರ ಲಕೋಟೆ ಎಲ್ಲಿ?

ಕಿಟಕಿಯ ಸಂದಿಗೆ ಟೇಪು ಹಚ್ಚಿ
ಅಂಗಡಿ ಮುಚ್ಚುವವರೆಗೂ ಕಾದಳು.
ರಾತ್ರಿ ಎಂಟಕ್ಕೆ ದೋಣಿ ಖಾಲಿಯಾಯಿತು,
ಸರಿಸುಮಾರು.
ಇರುವುದರಿಂದ ಅಷ್ಟನ್ನು ಕಳೆದು
ಚಿಕ್ಕಮ್ಮನ ಪೆನ್ಸಿಲ್ಲಿನ ಕೆಳಗೆ ಬರೆದಳು:
ಗೆಡ್ಡೆಯದು ಇನ್ನೂ ನೋಡಿಲ್ಲ, ಕಳಿಸು. ಎಲೆ ಬೇಡ.

ಬಾಗಿಲಾಚೆ ಬಂದು ಡಬ್ಬಿ ತೆರೆದು
ಓಲೆ ಹಾಕಿಕೊಂಡಳು.
ತಣ್ಣಗಿದ್ದವು.