ನಲವತ್ತು ಸುತ್ತು, ಒಂದು ಮಾರು

ಕೆಳಗಿನ ನಿಲ್ದಾಣದ ಸನ್ನೆಗೋಲು ನನ್ನ ಕೈಯಲ್ಲಿ.
ಮೇಲೆ, ಡಬ್ಬಿಯ ನೆತ್ತಿಯಲ್ಲಿ, ಗ್ರೀಸಿನ ಬಕೆಟ್ಟು ಹಿಡಿದು
ನೊದಾರ್.
ಡಬ್ಬಿ ಅಂದರೆ ರೋಪ್‌ವೇಯ ತೊಟ್ಟಿಲು:
ನೀಲಿ ಬಣ್ಣ, ತುಕ್ಕು, ಎರಡು ದುಂಡು ಕಿಟಕಿ.
ಊರವರು ಅದನ್ನು ಶವಪೆಟ್ಟಿಗೆ ಅನ್ನುತ್ತಾರೆ,
ಅನ್ನುತ್ತಲೇ ಹತ್ತುತ್ತಾರೆ
ಆಲೂಗಡ್ಡೆ ಚೀಲ, ಕೂಸು, ಮದುವೆಯ ಕೇಕು ಸಮೇತ.

ಮ್ಯಾಂಗನೀಸ್ ಗಣಿ ದಿಬ್ಬದ ಮೇಲೆ, ಮನೆಗಳು ಕೆಳಗೆ,
ನಡುವೆ ಕ್ವಿರಿಲಾ ನದಿ, ಕಾಡಿಗೆ ತೊಳೆದ ನೀರು.
ನೀರಿಗೂ ಹಗ್ಗಕ್ಕೂ ಎಷ್ಟು ಅಂತರ ಎಂದು
ಹಲಗೆಯ ಮೇಲೆ ಬರೆದಿತ್ತು ಹಿಂದೆ.
ಅಂಕಿಯನ್ನು ಯಾರೋ ಚಾಕುವಿನಲ್ಲಿ ಕೆರೆದು ಹಾಕಿದ್ದಾರೆ.
ನಾನಲ್ಲ.
ಇರಬಹುದು.

ತಿಂಗಳಿಗೊಮ್ಮೆ ಉಕ್ಕಿನ ಹಗ್ಗಕ್ಕೆ ಗ್ರೀಸು ಬಳಿಯಬೇಕು,
ಕರು ಹಾಕಿದ ಹಸುವಿನ ಕೆಚ್ಚಲಿಗೆ ಬೆಣ್ಣೆ ಸವರಿದ ಹಾಗೆ,
ಒಂದೆಳೆಯೂ ಬಿಡದೆ.
ಅವನ ಪಟ್ಟಿಯ ಕೊಂಡಿ ಸೋವಿಯತ್ ಕಾಲದ್ದು, ಅವನಿಗಿಂತ ಹಿರಿದು.
ಹೊರಡುವಾಗ ಹೇಳುವುದು ಇಷ್ಟೇ:
"ಎಡಗೈ ಹಗ್ಗದ್ದು, ಬಲಗೈ ಕೆಲಸದ್ದು.
ಹೊಟ್ಟೆ ಮೇಲೆ ಬೇಡ ತ್ಸಿಯಾಲಾ,
ಅದನ್ನು ನಿನ್ನ ಹತ್ತಿರ ಬಿಟ್ಟು ಹೋಗುತ್ತೇನೆ."

ಹಾಗಾಗಿ ಅವನ ಹೊಟ್ಟೆಯನ್ನು ಕಾಯುವವಳು ನಾನು.
ನನ್ನದರ ಪಕ್ಕದಲ್ಲೇ ಇರುತ್ತದೆ,
ಮೊಲದ ಮರಿಯಂತೆ ಅದುರಿಕೊಂಡು.

ಮಾರ್ಚಿನ ಗುರುವಾರ, ಹನ್ನೊಂದು ಗಂಟೆ. ಕರೆಂಟು ಹೋಯಿತು.
ಮೋಟಾರಿನ ಗೊರಕೆ ನಿಂತದ್ದೇ
ನದಿ ಕೇಳಿಸಿತು ನನಗೆ, ಹದಿನೇಳು ವರ್ಷದಲ್ಲಿ ಮೊದಲ ಸಲ.
ಕಣಿವೆಯ ತುಂಬ ಮಂಜು.
ಹಗ್ಗ ಅದರೊಳಕ್ಕೆ ಹೋಗಿದೆ, ಮುಂದೇನೂ ಕಾಣದು.
ಫೋನಿದೆ, ಡಬ್ಬಿಯ ಒಳಗೆ. ಅವನಿರುವುದು ಹೊರಗೆ.
ಆದರೂ ಮಾಡಿದೆ. ಮತ್ತೆ ಮಾಡಿದೆ.
ಎತ್ತಲಿಲ್ಲ ಅಂದರೆ ಮೇಲೆಯೇ ಇದ್ದಾನೆ ಎಂದುಕೊಂಡೆ;
ಬಿದ್ದವನೂ ಎತ್ತುವುದಿಲ್ಲ
ಎಂಬುದು ಆಮೇಲೆ ಹೊಳೆಯಿತು.

ಗೋಡೆಯಲ್ಲಿ ಕೈತಿರುಪು ತೂಗುತ್ತಿತ್ತು,
ಅದಕ್ಕೆ ಯಾರದೋ ಛತ್ರಿ ಸಿಕ್ಕಿಸಿತ್ತು.
ನಲವತ್ತು ಸುತ್ತು ತಿರುಗಿಸಿದರೆ ಡಬ್ಬಿ ಒಂದು ಮಾರು ಇಳಿಯುತ್ತದೆ.
ನೂರಾ ಅರವತ್ತು ಮಾರು.
ಲೆಕ್ಕ ಹಾಕಬಾರದಿತ್ತು. ಹಾಕಿದೆ.

ಬ್ರೆಡ್ಡಿನಂಗಡಿಯ ಏತೆರಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.
ಶಾಲೆಯ ಜವಾನ ಗುಗುಲಿಯೂ ಬಂದ.
ಅವನ ಅಣ್ಣ ಇದೇ ಹಗ್ಗದಿಂದ ಹೋದವನು;
ಗುಗುಲಿ ಈ ಹೊಸ್ತಿಲು ತುಳಿದು ಒಂಬತ್ತು ವರ್ಷ.
ಏನೂ ಅನ್ನಲಿಲ್ಲ.
ಕೋಟು ಬಿಚ್ಚಿದ, ಅಂಗಡಿಯವನಂತೆ ನೀಟಾಗಿ ಮಡಿಸಿದ,
ತಿರುಪಿಗೆ ಕೈ ಹಾಕಿದ.
ಎಣಿಕೆ ತಪ್ಪಿದಾಗೆಲ್ಲ ಏತೆರಿ ಇಬ್ಬರನ್ನೂ ಬೈದಳು.
ಅಂಗೈ ಬೊಬ್ಬೆ ಒಡೆದು ಹಿಡಿಕೆ ಜಾರತೊಡಗಿತು,
ಅವಳ ಕೈಯ ಹಿಟ್ಟೇ ಆಗ ಹಿಡಿತ ಕೊಟ್ಟಿತು.

ಮಧ್ಯಾಹ್ನ ಕಳೆದು ಎಷ್ಟೋ ಹೊತ್ತಿಗೆ
ಮಂಜಿನಿಂದ ಮೊದಲು ತುಕ್ಕಿನ ತಳ,
ಆಮೇಲೆ ದುಂಡು ಕಿಟಕಿ, ಅದರ ಮೇಲೆ ಎರಡು ಬೂಟು.
ಬೂಟಿನೊಳಗೆ ಕಾಲಿರಲಿ ಅಂದೆ,
ಗಟ್ಟಿಯಾಗಿಯೇ ಅಂದೆ.

ಹಗ್ಗವನ್ನು ತಬ್ಬಿ ಕೂತಿದ್ದ, ಹುಬ್ಬಿಗೆ ಹಿಮ.
"ಅರ್ಧ ಹಗ್ಗ ಬಾಕಿ" ಅಂದ.
ಗುಗುಲಿ ಕೋಟು ತೊಟ್ಟು ಹೊರಟು ಹೋದ.

ರಾತ್ರಿ, ಹುರುಳಿಕಾಯಿ ಬೀಜದ ಸಾರು ಮುಗಿದರೂ
ಚಮಚ ಅವನ ಮುಷ್ಟಿಯಲ್ಲೇ ಉಳಿಯಿತು.
ಒಂದೊಂದೇ ಬೆರಳು ಬಿಡಿಸಿದೆ,
ಹೆಬ್ಬೆರಳಿನ ಹತ್ತಿರ ಬಂದಾಗ ಅವನೆಂದ:
"ಕೊಡು."
"ಏನು?"
"ನನ್ನ ಹೊಟ್ಟೆ."

ಕೊಡಲಿಲ್ಲ.
ನಾಳೆ ಮತ್ತೆ ಹತ್ತಬೇಕಲ್ಲ, ಇಲ್ಲೇ ಇರಲಿ ಅಂದೆ.

ಬೆಳಗಿನ ಜಾವ ಎಚ್ಚರವಾದಾಗ
ಅವನ ಎಡಗೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.
ಅದನ್ನು ಮಾತ್ರ ಬಿಡಿಸಲು ಹೋಗಲಿಲ್ಲ.