ಶನಿವಾರದ ಎರಡನೇ ಗಂಟೆ

ಶನಿವಾರ ಹನ್ನೊಂದೂವರೆಗೆ ಹೈಸ್ಕೂಲಿನ ಗಂಟೆ.
ಎಲ್ಲರೂ ಮನೆಗೆ.
ನಾನು ಹೈವೇ ದಾಟಿ ಡಿಗ್ರಿ ಕಾಲೇಜಿಗೆ.
ಎರಡು ಜಡೆ ಬಿಚ್ಚಿ ಒಂದು ಮಾಡಿಕೊಳ್ಳಲು
ಪಂಕ್ಚರ್ ಅಂಗಡಿಯ ಹಿಂದಿನ ಬೇವಿನ ನೆರಳು ಸಾಕು.
ರಿಬ್ಬನ್ನು ಕಂಪಾಸು ಡಬ್ಬಿಗೆ.
ಸಮವಸ್ತ್ರಕ್ಕೆ ಮಾತ್ರ ಏನೂ ಮಾಡಲಾಗದು,
ಕುಷ್ಟಗಿಯ ಬಿಸಿಲಿನಲ್ಲಿ ಅದರ ನೀಲಿ
ಅರ್ಧ ಮೈಲಿಗೇ ಕಾಣುತ್ತದೆ.

ಗೇಟಿನ ಈರಪಾಕ್ಷಪ್ಪ ಪ್ರತಿ ವಾರ ಹೊಸದಾಗಿ ಕೇಳುತ್ತಾನೆ:
"ಯಾರ ತಂಗೆವ್ವಾ ನೀ? ಅಕ್ಕಗ ಬುತ್ತಿ ತಂದೀಯೇನು?"
ಮೊದಲ ವಾರ ಹೆಡ್‌ಮಾಸ್ತರರ ಪತ್ರ ತೋರಿಸಿದ್ದೆ,
ದುಂಡು ಮೊಹರು, 'ಅಭ್ಯಂತರವಿಲ್ಲ',
ಕೆಳಗೆ ಹಸಿರು ಸಹಿ.
ಈಗ ಬರೀ "ಹೂಂ" ಅನ್ನುತ್ತೇನೆ.
ಬುತ್ತಿಯೂ ಸುಳ್ಳಲ್ಲ, ಸಜ್ಜೆ ರೊಟ್ಟಿ, ಪುಂಡಿಪಲ್ಯ.
ಅಕ್ಕ ಇಲ್ಲ, ಅಷ್ಟೇ.

ಅಮರಗುಂಡಪ್ಪ ಸರ್ ಹಾಜರಿ ಕರೆಯುತ್ತಾರೆ.
ಭೂವಿಜ್ಞಾನಕ್ಕೆ ಹದಿನಾಲ್ಕು ಜನ, ಬಂದವರು ಒಂಬತ್ತು.
ಹದಿನಾಲ್ಕನೆಯದಾದ ಮೇಲೆ, ಪುಸ್ತಕ ಮುಚ್ಚುವ ಮುಂಚೆ
ಪೆನ್ನು ಒಂದು ಚಣ ನಿಲ್ಲುತ್ತದೆ.
ಆ ಚಣದಲ್ಲಿ ನಾನು ಬಾಯಿ ತೆರೆಯದೆ
"ಎಸ್ ಸರ್" ಅನ್ನುತ್ತೇನೆ.

ಜೂನಿನಲ್ಲಿ ಅವರೇ ನಮ್ಮ ಶಾಲೆಗೆ ಬಂದಿದ್ದರು
ಚೀಲ ತುಂಬ ಕಲ್ಲು ಹೊತ್ತು.
ಒಂದನ್ನೆತ್ತಿ "ಬಣ್ಣ ಯಾವುದು?" ಅಂದರು.
ಕೆಂಪು ಅಂತ ಇಡೀ ತರಗತಿ ಕೂಗಿತು.
ನನಗೆ ಸುಮ್ಮನಿರಲು ಆಗಲಿಲ್ಲ,
"ನೀರು ಹೊಯ್ದರ ಕೆಂಪು ಸರ್. ಒಣಗಿದರ ಗುಲಾಬಿ.
ಪಾಲಿಶ್ ಹಿಡಿದರ ಬೀಟ್‌ರೂಟು."
ಅಪ್ಪ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಮಷೀನು ನಡೆಸುತ್ತಾನೆ,
ನನಗೆ ಬೇರೇನು ಗೊತ್ತಿತ್ತು?
ಎಲ್ಲ ಕಲ್ಲೂ ಚೀಲಕ್ಕೆ ಮರಳಿದವು,
ಅದೊಂದು ನನ್ನ ಡೆಸ್ಕಿನ ಮೇಲೆ ಉಳಿಯಿತು.

ಪುಸ್ತಕ ಇಂಗ್ಲಿಷಿನದು. ಪರವೀನಕ್ಕ ಬೆರಳಿಟ್ಟು ಅರ್ಥ ಹೇಳುತ್ತಾಳೆ,
ಅವಳಿಗೂ ಅರ್ಧ ಗೊತ್ತಿಲ್ಲ,
ಗೊತ್ತಿಲ್ಲದ ಅರ್ಧಕ್ಕೆ ಇಬ್ಬರೂ ನಗುತ್ತೇವೆ.
ಆದರೆ ಲೆನ್ಸು ಕೈಗೆ ಬಂದಾಗ
ಫೆಲ್ಡ್‌ಸ್ಪಾರ್, ಬೆಣಚು, ಅಭ್ರಕ,
ಯಾರನ್ನೂ ಅರ್ಥ ಕೇಳಬೇಕಾಗಿಲ್ಲ.

ಸೋಮವಾರ ನಮ್ಮ ಶಾಲೆಯಲ್ಲಿ 'ಶಿಲೆಗಳಲ್ಲಿ ಮೂರು ವಿಧ'.
ಎತ್ತಿದ ಕೈ ಇಳಿಸಿದೆ.
"ಬಂದ್ರು ನೋಡ್ರಿ ಕಾಲೇಜ್ ಮೇಡಂ" ಅಂದಳು
ಹೋದ ವರ್ಷದವರೆಗೆ ಒಂದೇ ಛತ್ರಿಯಲ್ಲಿ ಬರುತ್ತಿದ್ದ ಕಮಲಾಕ್ಷಿ.
ಸಮಾಜದ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಎಂಟು.
ಅವ್ವ ಹಿಟ್ಟು ನಾದುತ್ತಲೇ ಅಂದಳು,
"ನೀಲಗಂಗಾ, ಮೊದಲ ಹತ್ತನೇತ್ತ ಮುಗಸವಾ.
ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಯಾಕ?"

ಈ ಶನಿವಾರ ಸರ್ ಹಲಗೆಗೆ ಹೇಳಿದರು,
ನನ್ನ ಕಡೆ ನೋಡಲೇ ಇಲ್ಲ:
ನೆಲದಾಳದಲ್ಲಿ ನಿಧಾನ ತಣಿದ ಕಲ್ಲಿಗೆ ದೊಡ್ಡ ಹರಳು,
ಮೇಲೆ ಬಂದು ಅವಸರದಲ್ಲಿ ತಣಿದದ್ದಕ್ಕೆ
ಹರಳು ಕಣ್ಣಿಗೇ ಕಾಣುವುದಿಲ್ಲ.
ನಮ್ಮೂರ ಗುಡ್ಡಕ್ಕೆ ಇನ್ನೂರೈವತ್ತು ಕೋಟಿ ವರ್ಷ.
ಬರೆದುಕೊಂಡೆ. ಸೊನ್ನೆಗಳು ಸಾಲು ಮೀರಿ ಅಂಚಿಗೆ ಹೋದವು.
ನಾನು ಮುಂಚೆ ಬಂದ ಮೂರು ವರ್ಷವನ್ನು
ಅದರಲ್ಲಿ ಎಲ್ಲಿ ಕಳೆಯಲಿ?

ರಾತ್ರಿ ಅಪ್ಪ ಕಿವಿಯೊಳಗಿನ ಬಿಳಿ ಧೂಳು ತೊಳೆಯುತ್ತಾ
"ಇವತ್ತೇನ್ ಹೇಳಿದ್ರು?" ಅಂದ.
"ಗಡಿಬಿಡಿ ಮಾಡಿದ ಕಲ್ಲಿಗೆ ಹರಳ ಕಾಣಂಗಿಲ್ಲಂತ."
ತಂಬಿಗೆ ಎತ್ತಿದವನು ಹಾಗೇ ನಿಂತ.
"ಅದು ತಣ್ಣಗಾಗೂ ಮಾತಲ್ಲೇನು?
ನೀ ಇನ್ನಾ ಕುದಿಯಾಕತ್ತೀದಿ, ಬಿಡು."
ಮತ್ತೆ ನೀರು ಹೊಯ್ದುಕೊಂಡ.
ಸಮಾಜದ ಪುಸ್ತಕ ತೆಗೆದೆ. ಎರಡು ಪುಟ ಓದಿದೆ.

ಸೋಮವಾರ ಬೆಳಿಗ್ಗೆ ಡಬ್ಬಿಯಿಂದ ರಿಬ್ಬನ್ನು ಎಳೆದರೆ
ಅಂಚಿಗೆ ಅಂಟಿತ್ತು ಅಭ್ರಕದ ಒಂದು ಹಕ್ಕಳೆ.
ಕೊಡವಲಿಲ್ಲ.
ಎಡ ಜಡೆಗೆ ಹಾಗೇ ಕಟ್ಟಿಕೊಂಡೆ.