ಎರಡನೇ ರಿಂಗು

ಗುತ್ತಲು ರಸ್ತೆಯ ನನ್ನ ಶೆಡ್ಡಿಗೆ ಮೂರನೇ ಸಲ
ಬೋರಲಿಂಗು ಗಾಡಿ ತಳ್ಳಿಕೊಂಡಲ್ಲ, ಓಡಿಸಿಕೊಂಡೇ ಬಂದ.
ಅದೇ ಕಷ್ಟ. ನಿಂತ ಗಾಡಿ ಬೇಗ ಬಾಯಿ ಬಿಡುತ್ತದೆ,
ಓಡುವ ಗಾಡಿ ಸುಳ್ಳು ಹೇಳುತ್ತದೆ.

ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದ ನೈಟ್ರೋಜನ್ ಕ್ಯಾನು,
ಮುಚ್ಚಳದ ಸಂದಿಯಿಂದ ಬಿಳಿ ಹಬೆ.
ಸೈಲೆನ್ಸರಿನಿಂದ ನೀಲಿ.
ಒಂದು ಅವನ ಕಸುಬಿನದು, ಇನ್ನೊಂದು ನನ್ನದು.

"ಐನೂರು ಕಿಲೋಮೀಟ್ರಿಗೆ ಅರ್ಧ ಲೀಟ್ರು ಕುಡೀತದೆ ಮೇಸ್ತ್ರಿ.
ಬೆದೆಗೆ ಬಂದ ಹಸ ನಿಮ್ ಎಂಜಿನ್‌ಗೆ ಕಾಯಾಕಿಲ್ಲ.
ನೆನ್ನೆ ಕೆರಗೋಡಲ್ಲಿ ಕೊಟ್ಟಿಗೆ ಬಾಗ್ಲಲ್ಲೇ ನಿಲ್ಸಿ ಕೇಳುದ್ರು,
ಇದೇನ್ ಡಾಕ್ಟ್ರೆ, ಸೊಳ್ಳೆ ಹೊಗೆ ಹಾಕಾಕ್ ಬಂದ್ರಾ ಅಂತ."

ನಗು ಬಂತು. ನಗಲಿಲ್ಲ.
ಹೊಸ ಪಿಸ್ಟನ್ನು, ಹೊಸ ರಿಂಗು, ಮೈಸೂರಿನ ಲೇತಿನಲ್ಲಿ ಬೋರು,
ನಾಲ್ಕು ಸಾವಿರದ ಇನ್ನೂರು ಎಣಿಸಿಕೊಂಡವನು ನಾನು.

ಹೊಗೆಗೂ ವ್ಯಾಕರಣ ಇದೆ.
ಕಪ್ಪಾದರೆ ಪೆಟ್ರೋಲು. ನೀಲಿಯಾದರೆ ಆಯಿಲು, ಎರಡು ಮಾತಿಲ್ಲ;
ಯಾವ ಬಾಗಿಲಿಂದ ಒಳಗೆ ಬಂತು ಅನ್ನುವುದಷ್ಟೇ ಪ್ರಶ್ನೆ.
ಬೆಳಗಿನ ಮೊದಲ ಕಿಕ್ಕಿಗೆ ಒಮ್ಮೆ ಕೆಮ್ಮಿ ಸುಮ್ಮನಾದರೆ
ರಾತ್ರಿಯೆಲ್ಲ ವಾಲ್ವಿನ ಸೀಲು ತೊಟ್ಟಿಕ್ಕಿದೆ.
ಇಳಿಜಾರಲ್ಲಿ ಬಿಟ್ಟು ಮತ್ತೆ ತಿರುವಿದಾಗ ಬಂದರೆ ಗೈಡು.
ಎಕ್ಸಲೇಟರ್ ತಿರುವಿದಷ್ಟೂ ಬಂದರೆ ರಿಂಗು.
ಇವನ ಗಾಡಿ ಎಲ್ಲದಕ್ಕೂ ಹೂಂ ಅನ್ನುತ್ತದೆ,
ಠಾಣೆಯಲ್ಲಿ ಕೂರಿಸಿದ ಅಮಾಯಕನ ಹಾಗೆ.

ಮೊದಲ ಸಲ ತಪ್ಪು ಅವನ ಮೇಲೆ ಹಾಕಿದೆ:
ಆಯಿಲು ಜಾಸ್ತಿ ಸುರಿದಿದ್ದೀಯ, ರನ್ನಿಂಗಿನಲ್ಲೇ ಎಳೆದಾಡಿದ್ದೀಯ.
"ನಲವತ್ತು ದಾಟಿಲ್ಲ ಮೇಸ್ತ್ರಿ, ಕಬ್ಬಿನ ಟ್ರ್ಯಾಕ್ಟ್ರು ಹಾರ್ನ್ ಹೊಡ್ದು ಸೈಡ್ ಹೊಡ್ಕಂಡೋದ್ವು."
ಎರಡನೇ ಸಲ ಸೀಲು ಬದಲಾಯಿಸಿದೆ. ತಪ್ಪು ಸೀಲಿನದಾಯಿತು.

ಈ ಸಲ ಪ್ಲಗ್ಗು ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿದೆ.
ತೌಸೀಫ್ ಕಿಕ್ ಹೊಡೆದ. ಬೆರಳು ಟಪ್ಪೆಂದು ಹಾರಿತು.
ದಮ್ಮು ಇದೆ. ಆದರೂ ಪ್ಲಗ್ಗು
ಬೋಂಡದ ಬಾಣಲೆಗೆ ಬಿದ್ದೆದ್ದ ಹಾಗೆ ಒದ್ದೆ.

ದಮ್ಮಿದ್ದೂ ಒದ್ದೆ.
ಅಲ್ಲಿಗೆ ನನಗೆ ಗೊತ್ತಾಗಬೇಕಿತ್ತು. ಬಹುಶಃ ಗೊತ್ತಾಯಿತು.
ಅದಕ್ಕೇ ಟೀ ತರಿಸಿದೆ.

ದೀಪ ಹಚ್ಚುವ ಹೊತ್ತಿಗೆ ಬ್ಲಾಕು ಎಳೆದೆವು.
ತೌಸೀಫ್ ಉಗುರಲ್ಲಿ ರಿಂಗು ಬಿಡಿಸಿ ಮೊಬೈಲ್ ಬೆಳಕಿಗೆ ಹಿಡಿದ,
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಉಸ್ತಾದ್, ಎರಡನೇದರ ಅಕ್ಷರ ಕೆಳಗಡೆ ಐತೆ."

ಎರಡನೇ ರಿಂಗಿಗೆ ಮುಖ್ಯವಾದ ಕೆಲಸ ಒಂದೇ,
ಗೋಡೆಗಂಟಿದ ಆಯಿಲನ್ನು ಕೆಳಕ್ಕೆ ಬಳಿಯುವುದು.
ತಲೆಕೆಳಗಾಗಿ ಕೂತರೂ ಅದು ಕೆಲಸ ಬಿಟ್ಟಿರಲಿಲ್ಲ ಪಾಪ,
ಅಷ್ಟೇ ನಿಯತ್ತಿನಿಂದ ಮೇಲಕ್ಕೆ ಬಳಿದಿತ್ತು, ಬೆಂಕಿಯ ಬಾಯಿಗೆ.

"ನೀನೇನೋ ಕೂರಿಸಿದ್ದು" ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು.
ಆ ದಿನ ಅವನಿಗೆ ಸಮಾಜ ಪರೀಕ್ಷೆ.
ಸಂಜೆ ಬಂದವನ ಬೆರಳಲ್ಲಿ ಗ್ರೀಸಿರಲಿಲ್ಲ, ಇಂಕಿತ್ತು.
ನಾನೊಬ್ಬನೇ ಕೂತಿದ್ದೆ, ಇದೇ ಮಣೆಯ ಮೇಲೆ.
ಮೂವತ್ತೊಂದು ವರ್ಷದ ಬೆರಳು, ಅದಕ್ಕೆ ಓದು ಯಾಕೆ ಅಂದುಕೊಂಡಿದ್ದೆ.

ಬೋರಲಿಂಗುಗೆ ಹೇಳಿದೆ. ಸುತ್ತಿ ಬಳಸಲಿಲ್ಲ,
ಸ್ವಲ್ಪ ಬಳಸಿದೆ.
ಅವನು ಕ್ಯಾನಿನ ಮುಚ್ಚಳ ಒತ್ತಿ ನೋಡಿಕೊಂಡು ಅಂದ:
"ಒಂದ್ಸಲ ಹಳ್ಳಿಕಾರ್ ಕಡ್ಡಿ ಅಂತ ಜರ್ಸೀದು ಹಾಕ್ಬುಟ್ಟಿದ್ದೆ ಬಸರಾಳಲ್ಲಿ.
ಒಂಬತ್ ತಿಂಗ್ಳು ಯಾರ್ಗೂ ಗೊತ್ತಾಗ್ನಿಲ್ಲ.
ಕರ ಬಿದ್ದ ದಿನ ಊರಿಗೇ ಗೊತ್ತಾಯ್ತು.
ಈಗ್ಲೂ ಆ ಬೀದಿಲಿ ಹೋಗಾಕಿಲ್ಲ ನಾನು, ಸುತ್ಕಂಡ್ ಹೋಯ್ತೀನಿ."

ಹೊಸ ಸೆಟ್ಟನ್ನು ತೌಸೀಫ್ ಕೂರಿಸಿದ.
ಒಂದೊಂದಕ್ಕೂ "ಅಕ್ಷರ ಮೇಲೆ" ಎಂದು ಗಟ್ಟಿಯಾಗಿ ಓದಿದ,
ಬಾಯಿಗಳನ್ನು ಮೂರು ದಿಕ್ಕಿಗೆ ತಿರುಗಿಸಿದ.
ನಾನು ಬೆಳಕು ಹಿಡಿದಿದ್ದೆ.

ಬಿಲ್ಲಿನ ಪುಸ್ತಕದಲ್ಲಿ ಅವನೇ ಬರೆದ:
ರಿಂಗ್ ಸೆಟ್ಟು ಒಂದು. ಕೂಲಿ ಇಲ್ಲ.
ಸರಿ ಇದೆಯಾ ನೋಡಿ ಎಂದು ಮುಂದೆ ಚಾಚಿದ.

ದೂರ ಹಿಡಿ ಎಂದೆ.
ಇನ್ನೂ ಸ್ವಲ್ಪ ದೂರ.